ಯೋಗ್ಯತಾಪತ್ರವೂ ಯೋಗ್ಯತೆಯೂ: ರಕ್ತ ತೆಗೆಯುವ ವಿದ್ಯೆಯನ್ನು ಕಲಿಯುವ ಬಗೆ

ವಿದ್ಯೆಗಳಲ್ಲಿ ಕಿವಿಯಿಂದ ಬರುವವು ಕೆಲವು, ಕಣ್ಣಿನಿಂದ ಬರುವವು ಕೆಲವು, ಕೈಯಿಂದ ಮಾತ್ರವೇ ಬರುವವು ಕೆಲವು. ವ್ಯಾಕರಣದ ಸೂತ್ರವನ್ನು ಕೇಳಿ ಕಲಿಯಬಹುದು. ಭೂಪಟವನ್ನು ನೋಡಿ ನದಿಪರ್ವತಗಳನ್ನು ತಿಳಿಯಬಹುದು. ಆದರೆ ಕುಂಬಾರನ ತಿಗರಿಯ ಮೇಲೆ ಮಣ್ಣು ಗಡಿಗೆಯಾಗಿ ಏಳಬೇಕಾದರೆ ಕಲಿಯುವವನ ಕೈಗೆ ಮಣ್ಣು ಹತ್ತಲೇಬೇಕು. ಈ ಭೇದವನ್ನು ಮರೆತು, ಎಲ್ಲ ವಿದ್ಯೆಗಳೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆಂದು ಭಾವಿಸಿದಲ್ಲಿ ವಿದ್ಯಾರ್ಥಿಯ ಕಾಲವೂ ಧನವೂ ವ್ಯರ್ಥವಾಗುವ ಸಂಭವವುಂಟು. ಕೆಲವು ವಿದ್ಯೆಗಳಲ್ಲಿ ಆ ನಷ್ಟ ವಿದ್ಯಾರ್ಥಿಯೊಬ್ಬನಿಗೆ ನಿಲ್ಲದೆ ಅನ್ಯರ ದೇಹಕ್ಕೂ ತಟ್ಟುವುದು. ರೋಗಪರೀಕ್ಷೆಗಾಗಿ ಮನುಷ್ಯನ ಸಿರೆಯಿಂದ ರಕ್ತ ತೆಗೆಯುವ ವಿದ್ಯೆ ಅಂಥವುಗಳಲ್ಲಿ ಒಂದು.

ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ಮುಗಿಸಿ, ಬೇಗನೆ ದುಡಿಮೆಗೆ ನಿಲ್ಲಬೇಕಾದ ಗ್ರಾಮಾಂತರದ ಮಕ್ಕಳಲ್ಲಿ ಅನೇಕರ ದೃಷ್ಟಿ ಈಚಿನ ವರ್ಷಗಳಲ್ಲಿ ಈ ವೃತ್ತಿಯ ಕಡೆಗೆ ಹರಿದಿದೆ. ಅದು ಸಹಜವೂ ಹೌದು. ಮಧುಮೇಹಿಗೆ ಸಕ್ಕರೆಯ ಪ್ರಮಾಣ, ಗರ್ಭಿಣಿಗೆ ಹಿಮೋಗ್ಲೋಬಿನ್, ಮಳೆಗಾಲದ ಡೆಂಗಿ ಜ್ವರದಲ್ಲಿ ಪ್ಲೇಟ್‌ಲೆಟ್ ಎಣಿಕೆ, ಹೀಗೆ ವೈದ್ಯನ ನಿರ್ಣಯಗಳಲ್ಲಿ ಬಹುಪಾಲು ಇಂದು ರಕ್ತಪರೀಕ್ಷೆಯನ್ನು ಅವಲಂಬಿಸಿವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಬೆಳಗಿನ ಹೊತ್ತು ಉದ್ದವಾದ ಸಾಲು ನಿಲ್ಲುವುದು ಪ್ರಯೋಗಾಲಯದ ಬಾಗಿಲಲ್ಲಿಯೇ. ನಗರಗಳಲ್ಲಿ ಮನೆಮನೆಗೆ ಹೋಗಿ ರಕ್ತ ಸಂಗ್ರಹಿಸಿ ತರುವ ಉದ್ಯೋಗವೂ ಬೆಳೆದಿದೆ. ಆದುದರಿಂದ ಈ ಕೆಲಸ ಬಲ್ಲವರ ಅವಶ್ಯಕತೆ ಇದೆಯೆಂಬುದರಲ್ಲಿ ಸಂದೇಹವಿಲ್ಲ. ಸಂದೇಹವಿರುವುದು ಅದನ್ನು ಎಲ್ಲಿ, ಯಾರಿಂದ, ಹೇಗೆ ಕಲಿಯಬೇಕು ಎಂಬಲ್ಲಿ. 2020ರ ಕೊರೋನಾ ಪಿಡುಗಿನಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ಪಾಠಗಳು ಮೊಬೈಲಿನ ಪರದೆಗೆ ಬಂದವು. ಬಾಗಿಲು ತೆರೆದ ಮೇಲೂ ಪರದೆ ಉಳಿಯಿತು. ಮನೆಯಲ್ಲಿಯೇ ಕುಳಿತು ಕೆಲವೇ ವಾರಗಳಲ್ಲಿ ರಕ್ತ ತೆಗೆಯುವುದನ್ನು ಕಲಿತು ಪ್ರಮಾಣಪತ್ರ ಪಡೆಯಬಹುದೆಂಬ ಜಾಹೀರಾತುಗಳು ಇಂದು ಹಳ್ಳಿಯ ಹುಡುಗನ ಅಂಗೈಗೂ ಬಂದು ಬೀಳುತ್ತಿವೆ. ಅವುಗಳನ್ನು ನಂಬಬೇಕೇ, ಎಷ್ಟರಮಟ್ಟಿಗೆ ನಂಬಬೇಕು ಎಂಬುದು ವಿಚಾರಾರ್ಹವಾದ ವಿಷಯ.

ಈ ವಿದ್ಯೆಗೆ ಇಂಗ್ಲಿಷಿನಲ್ಲಿ ಫ್ಲೆಬಾಟಮಿ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಸಿರೆ ಎಂಬರ್ಥದ ಪದವೂ ಕೊಯ್ಯುವಿಕೆ ಎಂಬರ್ಥದ ಪದವೂ ಕೂಡಿ ಆದ ಸಮಾಸವದು. ಆಯುರ್ವೇದದ ‘ಸಿರಾವ್ಯಧ’ ಎಂಬ ಪದ ಅದಕ್ಕೆ ಬಹುಮಟ್ಟಿಗೆ ಸಂವಾದಿಯಾಗಿದೆ. ಉದ್ದೇಶದಲ್ಲಿ ಮಾತ್ರ ಅಂದಿಗೂ ಇಂದಿಗೂ ಅಂತರವುಂಟು: ಅಂದಿನವರು ಚಿಕಿತ್ಸೆಗಾಗಿ ದುಷ್ಟರಕ್ತವನ್ನು ಹೊರಗೆ ಬಿಡುತ್ತಿದ್ದರು, ಇಂದು ಪರೀಕ್ಷೆಗಾಗಿ ಕೆಲವೇ ಮಿಲಿಲೀಟರುಗಳಷ್ಟನ್ನು ತೆಗೆಯುತ್ತಾರೆ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಸಿರಾವ್ಯಧಕ್ಕೇ ಒಂದು ಅಧ್ಯಾಯ ಮೀಸಲಾಗಿದ್ದು, ಸಿರೆಯನ್ನು ತಪ್ಪಾಗಿ ಚುಚ್ಚುವ 20 ಬಗೆಗಳನ್ನು ಅಲ್ಲಿ ಎಣಿಸಲಾಗಿದೆ. ಸರಿಯಾಗಿ ಚುಚ್ಚುವ ಬಗೆ ಒಂದಾದರೆ ತಪ್ಪುವ ಬಗೆಗಳು ಇಪ್ಪತ್ತು ಎಂಬ ಎಚ್ಚರ ಪ್ರಾಚೀನರಿಗಿತ್ತು.

ಅದಕ್ಕಿಂತಲೂ ಇಲ್ಲಿ ಗಮನಿಸತಕ್ಕದ್ದು ಅದೇ ಗ್ರಂಥದ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವನ್ನು. ಅದರ ಹೆಸರು ‘ಯೋಗ್ಯಾಸೂತ್ರೀಯ’. ‘ಯೋಗ್ಯಾ’ ಎಂದರೆ ಕರ್ಮಾಭ್ಯಾಸ, ಕೈಯಿಂದ ಮಾಡಿ ಪಳಗುವುದು. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ ಶಿಷ್ಯನಿಗೂ ಗುರುವು ಈ ಅಭ್ಯಾಸವನ್ನು ಮಾಡಿಸಬೇಕೆಂದು ಅಲ್ಲಿ ವಿಧಿಯಿದೆ. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆ. ಹೊಲಿಯುವುದನ್ನು ಬಟ್ಟೆಯ ಮೇಲೆ. ಸಿರೆ ಚುಚ್ಚುವುದನ್ನು ಸತ್ತ ಪಶುಗಳ ಸಿರೆಗಳ ಮೇಲೆ ಮತ್ತು ನೈದಿಲೆಯ ನಾಳದ ಮೇಲೆ. ಪಟ್ಟಿ ಕಟ್ಟುವುದನ್ನು ‘ಪುಸ್ತಮಯ ಪುರುಷ’ನ ಮೇಲೆ ಕಲಿಯಬೇಕು. ಈ ‘ಪುಸ್ತ’ವನ್ನು ಪುಸ್ತಕವೆಂದು ತಿಳಿಯಬಾರದು, ಬಟ್ಟೆ, ಮಣ್ಣು ಮೊದಲಾದವುಗಳಿಂದ ಮಾಡಿದ ಬೊಂಬೆಗೆ ಆ ಹೆಸರು. ಇಂದಿನ ತರಬೇತಿ ಕೇಂದ್ರಗಳಲ್ಲಿ ಕಾಣುವ ರಬ್ಬರಿನ ಕೃತಕ ತೋಳು ಆ ಪುಸ್ತಮಯ ಪುರುಷನ ಮರಿಮಗನೇ ಸರಿ. ‘ಯೋಗ್ಯಾ’ ಮಾಡಿದವನು ಯೋಗ್ಯ, ಅವನಲ್ಲಿರುವುದು ಯೋಗ್ಯತೆ, ಅದಕ್ಕೆ ಸಾಕ್ಷಿಯಾಗಿ ಕೊಡುವುದು ಯೋಗ್ಯತಾಪತ್ರ. ಮೊದಲಿನದು ಇಲ್ಲದೆ ಕೊನೆಯದನ್ನು ಮಾತ್ರ ಕೊಡುವವರೂ ಕೊಳ್ಳುವವರೂ ಈ ಪದಗಳ ಸಂಬಂಧವನ್ನೊಮ್ಮೆ ಯೋಚಿಸುವುದು ಉಚಿತ.

ಸೂಜಿ ಚುಚ್ಚಿ ರಕ್ತ ಎಳೆಯುವುದರಲ್ಲಿ ಕಲಿಯಬೇಕಾದದ್ದು ಅಷ್ಟೇನಿದೆ ಎಂದು ಕೇಳುವವರುಂಟು. ಆ ಕೆಲಸದ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ನೋಡಿದರೆ ಉತ್ತರ ತಾನಾಗಿ ದೊರೆಯುವುದು. ಮೊದಲನೆಯದು ರೋಗಿಯ ಗುರುತು. ಒಂದೇ ಹೆಸರಿನವರು ಇಬ್ಬರು ಸಾಲಿನಲ್ಲಿರುವುದು ಈ ನಾಡಿನ ಹಳ್ಳಿಗಳಲ್ಲಿ ಅಪರೂಪವಲ್ಲ. ಆದುದರಿಂದ ಹೆಸರಿನೊಂದಿಗೆ ಇನ್ನೊಂದು ಗುರುತನ್ನೂ ರೋಗಿಯ ಬಾಯಿಂದಲೇ ಕೇಳಿ ತಿಳಿಯಬೇಕು. ಅನಂತರ ತೋಳಿಗೆ ಪಟ್ಟಿ ಬಿಗಿದು, ಮೊಣಕೈಯ ಒಳಮಡಿಕೆಯಲ್ಲಿ ಬೆರಳ ತುದಿಯಿಂದ ಮುಟ್ಟಿ ಸಿರೆಯನ್ನು ಅರಸಬೇಕು. ಆ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಕಾಲ ಬಿಗಿದಿದ್ದರೆ ರಕ್ತದ ಅಂಶಗಳಲ್ಲಿಯೇ ವ್ಯತ್ಯಾಸ ತೋರುವುದು. ಶೇಕಡಾ 70ರ ಸ್ಪಿರಿಟ್ಟಿನಿಂದ ಚರ್ಮವನ್ನು ಒರೆಸಿ ಅದು ಆರುವವರೆಗೆ ಕಾಯಬೇಕು. ಬಳಿಕ ಆ ಜಾಗವನ್ನು ಬೆರಳಿನಿಂದ ಮುಟ್ಟಲಾಗದು. ಸೂಜಿ 30 ಡಿಗ್ರಿಗೆ ಮೀರದ ಓರೆಯಲ್ಲಿ ಒಳಗೆ ಹೋಗಬೇಕು. ಆಳ ಹೆಚ್ಚಾದರೆ ಸಿರೆಯ ಇನ್ನೊಂದು ಬದಿಯನ್ನು ಹರಿದು ರಕ್ತ ಚರ್ಮದಡಿ ಹೆಪ್ಪುಗಟ್ಟಿ ನೀಲಿಯಾಗುವುದು. ಕಡಿಮೆಯಾದರೆ ರಕ್ತ ಬಾರದು.

ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಬಣ್ಣಬಣ್ಣದ ಮುಚ್ಚಳಗಳ ನಳಿಕೆಗಳು ಕೇವಲ ಅಲಂಕಾರಕ್ಕಾಗಿ ಇರುವವಲ್ಲ. ಒಂದೊಂದರೊಳಗೂ ಒಂದೊಂದು ರಾಸಾಯನಿಕವಿರುವುದರಿಂದ ತುಂಬುವುದಕ್ಕೂ ಒಂದು ಅನುಕ್ರಮವಿದೆ. ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಪರೀಕ್ಷಿಸುವ ನೀಲಿ ಮುಚ್ಚಳದ ನಳಿಕೆಯಲ್ಲಿ ಒಂದು ಭಾಗ ಸಿಟ್ರೇಟ್ ದ್ರವಕ್ಕೆ ಒಂಬತ್ತು ಭಾಗ ರಕ್ತ ಬೀಳಬೇಕು. ಅರ್ಧ ತುಂಬಿಸಿದರೆ ಫಲಿತಾಂಶ ಸುಳ್ಳಾಗುವುದು. ನೇರಳೆ ಮುಚ್ಚಳದ ನಳಿಕೆಯಲ್ಲಿರುವ ಇ.ಡಿ.ಟಿ.ಎ. ಎಂಬುದು ಪೊಟ್ಯಾಸಿಯಂ ಲವಣ. ಅದರ ಲೇಶವು ಬೇರೆ ನಳಿಕೆಗೆ ತಗುಲಿದರೂ ಪೊಟ್ಯಾಸಿಯಂ ಹೆಚ್ಚಾಗಿಯೂ ಕ್ಯಾಲ್ಸಿಯಂ ಕಡಿಮೆಯಾಗಿಯೂ ಕಾಣುವುದು. ಆ ನಳಿಕೆಯನ್ನು ಎಂಟು ಹತ್ತು ಸಲ ಮೆಲ್ಲನೆ ತಲೆಕೆಳಗು ಮಾಡಬೇಕಲ್ಲದೆ ಕುಲುಕಬಾರದು. ಕುಲುಕಿದರೆ ರಕ್ತಕಣಗಳು ಒಡೆಯುವುವು. ಕಡೆಗೆ ರೋಗಿಯ ಎದುರಿನಲ್ಲಿಯೇ ನಳಿಕೆಯ ಮೇಲೆ ಹೆಸರು ಬರೆಯಬೇಕು. ಪ್ರಯೋಗಾಲಯದ ತಪ್ಪುಗಳಲ್ಲಿ ಹೆಚ್ಚಿನ ಪಾಲು ಯಂತ್ರದೊಳಗೆ ಆಗುವವಲ್ಲ, ರಕ್ತ ಯಂತ್ರವನ್ನು ತಲುಪುವ ಮೊದಲೇ ಆಗುವವು ಎಂಬುದು ತಜ್ಞರ ಅನುಭವಸಿದ್ಧವಾದ ಮಾತು. ಯಂತ್ರ ಎಷ್ಟೇ ಬೆಲೆಯುಳ್ಳದ್ದಾದರೂ ಕೈ ತಪ್ಪಿದ ಮೇಲೆ ಅದು ತಪ್ಪನ್ನೇ ಅಚ್ಚುಕಟ್ಟಾಗಿ ಮುದ್ರಿಸಿ ಕೊಡುವುದು.

ಈ ಕ್ರಮದಲ್ಲಿ ಪರದೆಯ ಮೂಲಕ ಕಲಿಯಬಹುದಾದದ್ದು ಸಾಕಷ್ಟಿದೆಯೆಂಬುದನ್ನು ಪಕ್ಷಪಾತವಿಲ್ಲದೆ ಒಪ್ಪಬೇಕು. ಶರೀರರಚನೆ, ನಳಿಕೆಗಳ ಅನುಕ್ರಮ, ಸೋಂಕಿನ ತಡೆ, ತ್ಯಾಜ್ಯದ ವಿಲೇವಾರಿ, ದಾಖಲೆ ಬರೆಯುವ ಕ್ರಮ ಇವೆಲ್ಲ ತಿಳಿವಳಿಕೆಯ ಭಾಗಗಳು. ವಿಶ್ವ ಆರೋಗ್ಯ ಸಂಸ್ಥೆಯು ರಕ್ತ ತೆಗೆಯುವ ಉತ್ತಮ ಕ್ರಮಗಳ ಮಾರ್ಗಸೂಚಿಯನ್ನು 2010ರಲ್ಲಿಯೇ ಹೊರಡಿಸಿದ್ದು, ಅದು ಅಂತರಜಾಲದಲ್ಲಿ ಯಾರಿಗಾದರೂ ಉಚಿತವಾಗಿ ದೊರೆಯುವುದು. ತರಗತಿಯಲ್ಲಿ ಗುರುಗಳು ಒಮ್ಮೆ ಹೇಳಿದ್ದು ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಲು ಸಂಕೋಚಪಡುವ ವಿದ್ಯಾರ್ಥಿ, ಪರದೆಯ ಪಾಠವನ್ನು ಹತ್ತು ಸಲ ನಿಲ್ಲಿಸಿ ನೋಡಬಹುದು. ಹಗಲು ಹೊಲದಲ್ಲಿಯೋ ಅಂಗಡಿಯಲ್ಲಿಯೋ ದುಡಿದು ರಾತ್ರಿ ಓದುವವನಿಗೆ, ಪುಟ್ಟ ಮಗುವಿರುವ ತಾಯಿಗೆ, ದಿನಕ್ಕೆರಡೇ ಬಸ್ಸು ಬರುವ ಊರಿನ ಹುಡುಗಿಗೆ ಇದು ಸಣ್ಣ ಉಪಕಾರವಲ್ಲ. ಪರದೆಯನ್ನು ಹಳಿಯುವ ಹಳೆಯ ತಲೆಮಾರಿನವರು ಈ ಮಕ್ಕಳ ಸ್ಥಿತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಆದರೆ ಸಿರೆ ಸಿಗುವುದು ಕಣ್ಣಿಗಲ್ಲ, ಬೆರಳಿಗೆ. ಸಿರೆಯನ್ನು ಒತ್ತಿದರೆ ಅದು ಮೆತ್ತಗೆ ಪುಟಿದೇಳುವುದು, ಅಪಧಮನಿ ಮಿಡಿಯುವುದು, ಸ್ನಾಯುವಿನ ಕಟ್ಟು ಹುರಿಯಂತೆ ಗಟ್ಟಿಯಾಗಿರುವುದು. ಈ ಮೂರರ ವ್ಯತ್ಯಾಸವನ್ನು ಯಾವ ಚಿತ್ರವೂ ಬೆರಳಿಗೆ ಹೇಳಿಕೊಡಲಾರದು. ಕನ್ನಡಿಗರ ಮಾತಿನಲ್ಲಿ ಇನ್ನೊಂದು ತೊಡಕೂ ಇದೆ. ಶಾಸ್ತ್ರಗ್ರಂಥದ ಸಿರೆಯನ್ನು ಶಾಲೆಯ ಪಠ್ಯಪುಸ್ತಕ ಅಭಿಧಮನಿ ಎನ್ನುವುದು. ಜನ ಮಾತ್ರ ಅದನ್ನು ‘ನರ’ ಎನ್ನುವರು. ‘ನರ ಸಿಗಲಿಲ್ಲ, ಎರಡು ಸಲ ಚುಚ್ಚಿದರು’ ಎಂದು ರೋಗಿ ಹೇಳಿದಾಗ ಅವನ ಅಭಿಪ್ರಾಯ ಸಿರೆಯೇ. ವಿಜ್ಞಾನದಲ್ಲಾದರೋ ನರವೆಂದರೆ ಸಂವೇದನೆಯನ್ನು ಒಯ್ಯುವ ತಂತು. ಸೂಜಿ ಎಂದಿಗೂ ತಾಕಬಾರದಾದ ವಸ್ತು. ಮೊಣಕೈಯ ಮಡಿಕೆಯಲ್ಲಿ ಕಿರುಬೆರಳಿನ ಬದಿಗಿರುವ ಸಿರೆಯ ಸಮೀಪದಲ್ಲಿಯೇ ತೋಳಿನ ಅಪಧಮನಿಯೂ ಮುಖ್ಯ ನರವೊಂದೂ ಹಾದುಹೋಗಿರುವುದರಿಂದ, ಅನುಭವಿಗಳು ನಡುವಿನ ಸಿರೆಯನ್ನೇ ಮೊದಲು ಅರಸುವರು. ಚುಚ್ಚಿದಾಗ ರೋಗಿಗೆ ಕೈಯಲ್ಲಿ ಮಿಂಚು ಹರಿದಂತಾದರೆ ಸೂಜಿಯನ್ನು ಒಡನೆಯೇ ಹೊರಗೆ ತೆಗೆಯಬೇಕು. ಜನರ ನರಕ್ಕೂ ಶಾಸ್ತ್ರದ ನರಕ್ಕೂ ಇರುವ ಈ ಅಂತರ ಪರದೆಯಲ್ಲಿ ಒಂದು ವಾಕ್ಯ. ರೋಗಿಯ ತೋಳಿನಲ್ಲಿ ಕೂದಲೆಳೆಯಷ್ಟು ಎಡೆ.

ರೋಗಿಗಳೂ ಒಂದೇ ಬಗೆಯವರಲ್ಲ. ಮುದುಕಿಯ ಸಿರೆ ತೆಳ್ಳಗಾಗಿ ಬೆರಳಡಿ ಹೊರಳುವುದು. ಮಗು ಕೈ ಕೊಸರುವುದು. ವಾಂತಿಭೇದಿಯಾದವನ ಸಿರೆ ಬತ್ತಿರುವುದು. ಡಯಾಲಿಸಿಸ್‌ಗಾಗಿ ಶಸ್ತ್ರಕ್ರಿಯೆಯಾದ ಕೈಯನ್ನು ಮುಟ್ಟಲೇಕೂಡದು. ಗಟ್ಟಿಮುಟ್ಟಾದ ತರುಣನೂ ಸೂಜಿಯನ್ನು ಕಂಡು ಬೆವರಿ ಮೂರ್ಛೆಹೋಗುವುದುಂಟು. ಅಂಥವನನ್ನು ಹಿಡಿದು ಮಲಗಿಸುವುದು, ‘ಅಜ್ಜೀ, ಮುಷ್ಟಿ ಸಡಿಲ ಬಿಡಿ, ಇಗೋ ಆಗಿಹೋಯಿತು’ ಎಂದು ಮಾತನಾಡಿಸುತ್ತಲೇ ಕೆಲಸ ಮುಗಿಸುವುದು, ಎರಡು ಸಲ ತಪ್ಪಿದ ಮೇಲೆ ಹಟ ಮಾಡದೆ ಹಿರಿಯರನ್ನು ಕರೆಯುವುದು, ಇವೆಲ್ಲ ಈ ವಿದ್ಯೆಯ ಅಂಗಗಳೇ. ಅವು ಬರುವುದು ಬಲ್ಲವರ ಪಕ್ಕದಲ್ಲಿ ನಿಂತಾಗ.

ಇನ್ನು ಕಲಿಯುವವನ ಸ್ವಂತ ರಕ್ಷಣೆಯ ಮಾತು. ರೋಗಿಗೆ ಚುಚ್ಚಿದ ಸೂಜಿ ತನ್ನ ಬೆರಳಿಗೆ ತಾಕಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್.ಐ.ವಿ. ಇವುಗಳ ಭಯವುಂಟು. ಹೆಪಟೈಟಿಸ್ ಬಿ ಸೋಂಕಿಗೆ ಲಸಿಕೆಯಿದೆ. ವಯಸ್ಕರಿಗೆ ಅದನ್ನು ಸಾಮಾನ್ಯವಾಗಿ ಮೂರು ಸಲ, ಆರು ತಿಂಗಳ ಅವಧಿಯಲ್ಲಿ ಕೊಡುವರು. ಎಚ್.ಐ.ವಿ. ಶಂಕೆಯಿದ್ದಲ್ಲಿ ತಡೆಗಟ್ಟುವ ಔಷಧವನ್ನು ಎಷ್ಟು ಬೇಗ ಆದರೆ ಅಷ್ಟು ಬೇಗ, 72 ಗಂಟೆಗಳನ್ನು ಮೀರದಂತೆ ಪ್ರಾರಂಭಿಸಬೇಕು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕದೆ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಚುಚ್ಚಿದರೂ ತೂತಾಗದ ಬಿಳಿಯ ಡಬ್ಬಿಗೆ ಹಾಕತಕ್ಕದ್ದು. ಮನೆಯಲ್ಲಿ ಕುಳಿತು ಪಾಠ ನೋಡಿದವನು, ಆ ಧೈರ್ಯದ ಮೇಲೆ ತಮ್ಮತಂಗಿಯರ ಕೈಯನ್ನೇ ಅಭ್ಯಾಸಕ್ಕೆ ಹಿಡಿದನೆಂದರೆ ಅಲ್ಲಿ ಡಬ್ಬಿಯೂ ಇಲ್ಲ, ಲಸಿಕೆಯೂ ಇಲ್ಲ, ತಡೆಯುವ ಗುರುವೂ ಇಲ್ಲ. ಇದು ಮನೆಯವರು ಯಾವ ಕಾರಣಕ್ಕೂ ಸಮ್ಮತಿಸಬಾರದ ಕೆಲಸ.

ಕಾನೂನೂ ಈ ವಿವೇಕವನ್ನೇ ಹಿಡಿದು ನಡೆದಿದೆ. ಅಮೆರಿಕೆಯ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ರಕ್ತ ತೆಗೆಯುವವನಿಗೆ ಸರಕಾರದ ಪರವಾನಗಿ ಬೇಕು. ಅನುಭವವಿಲ್ಲದ ಅಭ್ಯರ್ಥಿ 40 ಗಂಟೆಗಳ ಪಾಠವನ್ನಲ್ಲದೆ ಕನಿಷ್ಠ 40 ಗಂಟೆಗಳ ಪ್ರಾಯೋಗಿಕ ಶಿಕ್ಷಣವನ್ನೂ ಪಡೆದು, 50 ಸಲ ಸಿರೆಯಿಂದ, 10 ಸಲ ಬೆರಳ ತುದಿ ಮೊದಲಾದೆಡೆಯ ಚರ್ಮದಿಂದ ರಕ್ತ ತೆಗೆದಿರಬೇಕು. ಕೈ ಎಷ್ಟು ಸಲ ಕೆಲಸ ಮಾಡಿದೆ ಎಂಬುದನ್ನು ಅಂಕೆಯಲ್ಲಿ ಕೇಳುವ ಈ ಕ್ರಮ ಅನುಕರಣೀಯ. ಭಾರತದಲ್ಲಿ 2021ರಲ್ಲಿ ಸಹಾಯಕ ಮತ್ತು ಆರೋಗ್ಯರಕ್ಷಣಾ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯಿದೆ ಬಂದಿತು. ವೈದ್ಯಕೀಯ ಪ್ರಯೋಗಾಲಯದ ವೃತ್ತಿಗಳನ್ನು ಒಳಗೊಂಡ ಆ ಕಾಯಿದೆಯಂತೆ, ಸಹಾಯಕ ಆರೋಗ್ಯ ವೃತ್ತಿಪರನೆನಿಸಲು ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿದ ಕನಿಷ್ಠ 2,000 ಗಂಟೆಗಳ ಡಿಪ್ಲೊಮಾ ಅಥವಾ ಪದವಿ ಶಿಕ್ಷಣ ಬೇಕು. ಆ ಕಾಯಿದೆಯ ವ್ಯಾಪ್ತಿಯ ವಿಷಯಗಳನ್ನು 2025ರ ಜುಲೈ-ಆಗಸ್ಟ್ ಅಧಿವೇಶನದಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್ ಮೂಲಕವಾಗಲಿ ಬೋಧಿಸಕೂಡದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸೂಚಿಸಿದೆ. ವಿಶ್ವವಿದ್ಯಾಲಯಕ್ಕೇ ಇಲ್ಲದ ಅನುಮತಿ, ಜಾಹೀರಾತಿನ ಅಂಗಡಿಗೆ ಎಲ್ಲಿಂದ ಬಂದೀತೆಂದು ಪೋಷಕರು ಕೇಳಿಕೊಳ್ಳಬೇಕು.

ಹಾಗಾದರೆ ಕಲಿಯುವ ಮಾರ್ಗಗಳಾವುವು? ಕರ್ನಾಟಕದಲ್ಲಿ ಪ್ಯಾರಾ ಮೆಡಿಕಲ್ ಮಂಡಳಿಯ ಮಾನ್ಯತೆಯುಳ್ಳ ಸಂಸ್ಥೆಗಳಲ್ಲಿ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ ಉಂಟು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳಲ್ಲಿ ಪದವಿಯುಂಟು. ಇವುಗಳಲ್ಲಿ ರಕ್ತ ತೆಗೆಯುವುದರ ಜೊತೆಗೆ ಪರೀಕ್ಷಿಸುವುದನ್ನೂ ಕಲಿಸುವುದರಿಂದ ಮುಂದೆ ಬೆಳೆಯಲು ಹೆಚ್ಚಿನ ಅವಕಾಶವಿದೆ. ರಕ್ತಸಂಗ್ರಹ ಒಂದನ್ನೇ ಕಲಿಸುವ ಅಲ್ಪಾವಧಿಯ ತರಬೇತಿಗಳನ್ನು ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿಯು ರೂಪಿಸಿದೆ. ಕೌಶಲ ತರಬೇತಿ ಕೇಂದ್ರಗಳ ವಿವರವನ್ನು 2023ರಲ್ಲಿ ಆರಂಭವಾದ ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್‌ನಲ್ಲಿ ಹುಡುಕಬಹುದು. ಎರಡು ಮೂರು ವರ್ಷ ಓದುವ ಅನುಕೂಲವಿದ್ದವರು ಡಿಪ್ಲೊಮಾವನ್ನೇ ಆರಿಸುವುದು ಶ್ರೇಯಸ್ಕರ; ಅಲ್ಪಾವಧಿಯ ತರಬೇತಿ ಪಡೆದವರು ತಮ್ಮ ಕೆಲಸದ ಮೇರೆಯನ್ನು ಮೊದಲೇ ಅರಿತಿರಬೇಕು.

ಯಾವ ಕೇಂದ್ರವನ್ನೇ ಆಗಲಿ ಸೇರುವ ಮೊದಲು, ಶುಲ್ಕ ಕಟ್ಟುವುದಕ್ಕಿಂತ ಮುಂಚೆ, ಕೆಲವು ಪ್ರಶ್ನೆಗಳನ್ನು ನಿಸ್ಸಂಕೋಚವಾಗಿ ಕೇಳಬೇಕು. ಪ್ರಮಾಣಪತ್ರ ಕೊಡುವವರು ಯಾರು, ಅವರಿಗೆ ಯಾರ ಮಾನ್ಯತೆಯಿದೆ? ಪ್ರಾಯೋಗಿಕ ಶಿಕ್ಷಣ ಯಾವ ಆಸ್ಪತ್ರೆಯಲ್ಲಿ ನಡೆಯುವುದು, ಆ ಆಸ್ಪತ್ರೆಯೊಡನೆ ಲಿಖಿತ ಒಪ್ಪಂದವಿದೆಯೇ? ಕೃತಕ ತೋಳಿನ ಮೇಲೆ ಎಷ್ಟು ಸಲ, ನಿಜವಾದ ರೋಗಿಗಳ ಮೇಲೆ ಎಷ್ಟು ಸಲ ಅಭ್ಯಾಸ? ಪಕ್ಕದಲ್ಲಿ ನಿಂತು ತಿದ್ದುವವರು ಯಾರು, ಅವರೊಬ್ಬರಿಗೆ ಎಷ್ಟು ಮಂದಿ ವಿದ್ಯಾರ್ಥಿಗಳು? ಲಸಿಕೆ ಹಾಕಿಸುವರೇ, ಸೂಜಿ ತಾಕಿದರೆ ಗತಿಯೇನು? ಪೂರ್ತಿ ಶುಲ್ಕವೆಷ್ಟು, ಮಧ್ಯದಲ್ಲಿ ಬಿಟ್ಟರೆ ಹಿಂದಿರುಗಿಸುವುದೆಷ್ಟು? ಇವಲ್ಲದೆ ಹತ್ತಿರದ ಆಸ್ಪತ್ರೆಯ ಪ್ರಯೋಗಾಲಯದ ಮುಖ್ಯಸ್ಥರಲ್ಲಿಗೆ ಹೋಗಿ, ಈ ಕೇಂದ್ರದಲ್ಲಿ ಕಲಿತವರನ್ನು ಕೆಲಸಕ್ಕೆ ತೆಗೆದುಕೊಳ್ಳುವಿರಾ ಎಂದು ಕೇಳುವುದು ಎಲ್ಲಕ್ಕಿಂತ ಮೇಲಾದ ಪರೀಕ್ಷೆ. ಉದ್ಯೋಗದ ಖಾತರಿಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ಆಸ್ಪತ್ರೆಯ ಹೆಸರನ್ನು ಮಾತ್ರ ಹೇಳದ ಕೇಂದ್ರದಿಂದ ದೂರವಿರುವುದೇ ಕ್ಷೇಮ.

ಪ್ರತ್ಯಕ್ಷ ಶಿಕ್ಷಣವೇ ಬೇಕೆಂದು ಹೇಳುವುದು ಸುಲಭ; ಪಟ್ಟಣದಲ್ಲಿ ಕೊಠಡಿ ಬಾಡಿಗೆಯನ್ನೂ ಊಟದ ಖರ್ಚನ್ನೂ ಭರಿಸಲಾರದ ಬಡವನಿಗೆ ಆ ಉಪದೇಶದಿಂದ ಏನು ಪ್ರಯೋಜನ ಎಂಬ ಆಕ್ಷೇಪ ನ್ಯಾಯವಾದದ್ದು. ಹೆಣ್ಣುಮಕ್ಕಳ ತಂದೆತಾಯಿಗಳಿಗಂತೂ ಶುಲ್ಕಕ್ಕಿಂತ ವಸತಿಯ ಚಿಂತೆಯೇ ದೊಡ್ಡದು. ಇದಕ್ಕೆ ಸಮಾಧಾನ ಎರಡನ್ನೂ ಕೂಡಿಸುವುದರಲ್ಲಿದೆ. ತಿಳಿವಳಿಕೆಯ ಪಾಠಗಳನ್ನು ಊರಿನಲ್ಲಿದ್ದುಕೊಂಡೇ ಪರದೆಯ ಮೇಲೆ ಮುಗಿಸಿ, ಕೈಯ ಅಭ್ಯಾಸದ ಅವಧಿಗೆ ಮಾತ್ರ ಆಸ್ಪತ್ರೆಯಿರುವ ಪಟ್ಟಣದಲ್ಲಿ ತಂಗುವಂತೆ ಅಲ್ಪಾವಧಿಯ ತರಬೇತಿಗಳನ್ನು ಏರ್ಪಡಿಸಿದರೆ ಖರ್ಚು ಬಹುಪಾಲು ಇಳಿಯುವುದು. ಆ ತಂಗುವಿಕೆಗೆ ನೆರವಾಗಬಲ್ಲವರು ಈ ನಾಡಿನಲ್ಲಿ ಇಲ್ಲದಿಲ್ಲ. ಉಚಿತ ಪ್ರಸಾದನಿಲಯಗಳನ್ನು ನಡೆಸಿ ತಲೆಮಾರುಗಳ ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟ ಮಠಗಳ ಶಿಕ್ಷಣ ಸಂಸ್ಥೆಗಳು, ಇಂಥ ತರಬೇತಿಗೆ ಬರುವ ಮಕ್ಕಳಿಗೂ ಕೆಲವು ವಾರಗಳ ಮಟ್ಟಿಗೆ ಬಾಗಿಲು ತೆರೆದರೆ, ತಾಲ್ಲೂಕು ಆಸ್ಪತ್ರೆಯೊಡನೆ ಮಾತನಾಡಿ ಅಭ್ಯಾಸದ ಏರ್ಪಾಡನ್ನು ಮಾಡಿಸಿದರೆ, ಪರದೆಗೂ ಆಸ್ಪತ್ರೆಗೂ ನಡುವಿನ ಹೊಳೆಗೆ ಸೇತುವೆ ಕಟ್ಟಿದಂತಾದೀತು. ಪಾಠಗಳು ಕನ್ನಡದಲ್ಲಿ ದೊರೆಯುವಂತಾಗಬೇಕಾದದ್ದೂ ಅಷ್ಟೇ ಅವಶ್ಯ. ರೋಗಿಯೊಡನೆ ಆಡಬೇಕಾದ ಭಾಷೆಯಲ್ಲಿಯೇ ಪಾಠವನ್ನೂ ಕೇಳಿದವನ ತಿಳಿವಳಿಕೆ ಗಟ್ಟಿಯಾಗಿ ನಿಲ್ಲುವುದು.

ಒಟ್ಟಿನಲ್ಲಿ ಪರದೆ ಒಳ್ಳೆಯ ಪುಸ್ತಕ. ಅದನ್ನು ಪುಸ್ತಕವೆಂದೇ ಗೌರವಿಸಿ ಓದಬೇಕು, ಗುರುವೆಂದು ಭ್ರಮಿಸಬಾರದು. ಎರಡರಲ್ಲಿ ಒಂದನ್ನು ಮಾತ್ರ ಆರಿಸಲೇಬೇಕಾಗಿ ಬಂದಲ್ಲಿ ಪ್ರತ್ಯಕ್ಷ ಶಿಕ್ಷಣವನ್ನೇ ಆರಿಸಬೇಕು. ಅದು ಸದ್ಯಕ್ಕೆ ಕೈಗೂಡದಿದ್ದರೆ ಒಂದು ವರ್ಷ ತಡವಾದರೂ ಕಾಯಬೇಕಲ್ಲದೆ, ಅವಸರಕ್ಕೆ ಬರಿಯ ಪತ್ರವನ್ನು ಕೊಳ್ಳಬಾರದು. ನಾಳೆ ಅಪರಿಚಿತನಾದ ರೋಗಿಯೊಬ್ಬನು ಯಾವ ಪ್ರಶ್ನೆಯನ್ನೂ ಕೇಳದೆ, ಯೋಗ್ಯತಾಪತ್ರವನ್ನು ತೋರಿಸೆಂದೂ ಹೇಳದೆ ತನ್ನ ತೋಳನ್ನು ಮುಂದಕ್ಕೆ ಚಾಚುವನು. ಆ ವಿಶ್ವಾಸಕ್ಕೆ ತಕ್ಕವರಾಗುವಂತೆ ಮೊದಲು ಕೈಯನ್ನು ಪಳಗಿಸಿಕೊಂಡು ಆಮೇಲೆ ಸೂಜಿಯನ್ನು ಹಿಡಿಯಲೆಂಬುದೇ ಈ ವೃತ್ತಿಗೆ ಹೊರಟ ಮಕ್ಕಳಿಗೆ ಹಿರಿಯರು ಕೊಡಬಹುದಾದ ಹಿತವಚನ.